ಒಂದು ಬಾಯ್ಲರ್, ಎರಡು ಎಂಜಿನ್

ನೀಲಗಿರಿ ಬೆಟ್ಟದ ರೈಲಿನ ಎಕ್ಸ್ ವರ್ಗದ ಉಗಿ ಎಂಜಿನ್ನನ್ನು ಪಕ್ಕದಿಂದ ನೋಡಿದಾಗ ಮೊದಲು ಕಣ್ಣಿಗೆ ಬೀಳುವುದು ಅದರ ಸಿಲಿಂಡರುಗಳು. ಬೇರೆ ಉಗಿ ಎಂಜಿನ್ನುಗಳಿಗೆ ಸಾಮಾನ್ಯವಾಗಿ ಮಗ್ಗುಲಿಗೊಂದು ಸಿಲಿಂಡರ್ ಇದ್ದರೆ ಇದಕ್ಕೆ ಒಂದರ ಮೇಲೊಂದರಂತೆ ಎರಡಿವೆ. ಎರಡರಿಂದಲೂ ದಂಡಗಳು ಹೊರಟು, ಒಂದರ ಹಿಂದೊಂದು ಹಾದು, ಚಕ್ರಗಳ ಮುಂದೆ ಉಕ್ಕಿನ ದೊಡ್ಡ ದಟ್ಟಣೆಯನ್ನೇ ಕಟ್ಟಿವೆ. ಬಂಡಿ ಹೊರಟ ಮೇಲೆ ಇನ್ನೊಂದು ಸಂಗತಿ ತಿಳಿಯುತ್ತದೆ. ಮೆಟ್ಟುಪಾಳ್ಯದಿಂದ ಕಲ್ಲಾರ್‌ವರೆಗಿನ ತಗ್ಗು ನೆಲದಲ್ಲಿ ಕೆಳಗಿನ ದಂಡಗಳಷ್ಟೇ ಆಡುತ್ತವೆ, ಮೇಲಿನವು ಕದಲುವುದಿಲ್ಲ. ಕಲ್ಲಾರ್ ದಾಟಿ ಏರು ಶುರುವಾದೊಡನೆ ಮೇಲಿನವೂ ಎಚ್ಚೆತ್ತು, ಕೆಳಗಿನವಕ್ಕಿಂತ ಬಿರುಸಾಗಿ ಓಡತೊಡಗುತ್ತವೆ.

ಇದು ಒಂದೇ ಬಾಯ್ಲರನ್ನು ಹಂಚಿಕೊಂಡ ಎರಡು ಎಂಜಿನ್. ಕೆಳಗಿನದು ಹಳಿಯ ಮೇಲಿನ ಚಕ್ರಗಳನ್ನು ತಿರುಗಿಸುತ್ತದೆ. ಮೇಲಿನದು ಚೌಕಟ್ಟಿನ ಒಳಗೆ, ನಮ್ಮ ಕಣ್ಣಿಗೆ ಕಾಣದಂತೆ ಅಡಗಿರುವ ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಎರಡು ಹಳಿಗಳ ನಡುವೆ ಹಾಸಿರುವ ಹಲ್ಲುಹಳಿಯನ್ನು ಈ ಚಕ್ರಗಳು ಕಚ್ಚಿ ಹಿಡಿದು ಬಂಡಿಯನ್ನು ಮೇಲಕ್ಕೆ ತಳ್ಳುತ್ತವೆ. ಈ ಎಂಜಿನ್ನಿನ ಮಾದರಿಯನ್ನು ದಾವಣಗೆರೆಯ ನಮ್ಮ ಮನೆಯ ಹಿಂದಿನ ಕೋಣೆಯಲ್ಲಿ ಹಿತ್ತಾಳೆ ತಗಡು, ಉಕ್ಕಿನ ಪಟ್ಟಿ, ತಾಮ್ರದ ತಂತಿಗಳಿಂದ ಬುಡದಿಂದಲೇ ಕಟ್ಟುತ್ತಿದ್ದೇನೆ. ಪೆಟ್ಟಿಗೆ ಬಿಚ್ಚಿ ಜೋಡಿಸುವ ತಯಾರಿ ಭಾಗಗಳು ಇದರಲ್ಲಿಲ್ಲ. ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸುವ ನನಗೆ ಈ ಯಂತ್ರದಷ್ಟು ಪಾಠ ಹೇಳಿದ ವಸ್ತು ಬೇರೊಂದಿಲ್ಲ.

ಮೊದಲು ಆ ಬೆಟ್ಟದ ಕಷ್ಟವೇನು ಎಂಬುದನ್ನು ಹೇಳಬೇಕು. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಾಟಿ ಇಳಿಯುವ ನಮ್ಮ ರೈಲುದಾರಿ ನಮಗೆಲ್ಲ ಗೊತ್ತು. ಅಲ್ಲಿ 50 ಮೀಟರ್ ಸಾಗಿದರೆ ಒಂದು ಮೀಟರ್ ಏರು. ಅದೇ ನಮಗೆ ಭಯ ಹುಟ್ಟಿಸುವಷ್ಟು ಕಡಿದು. ಕಲ್ಲಾರ್‌ನಿಂದ ಕೂನೂರಿನವರೆಗಿನ ಸುಮಾರು 20 ಕಿಲೋಮೀಟರ್ ದಾರಿಯಲ್ಲಿ ಹನ್ನೆರಡೂವರೆ ಮೀಟರಿಗೇ ಒಂದು ಮೀಟರ್ ಏರುವ ಕಡೆಗಳಿವೆ, ಎಂದರೆ ನಮ್ಮ ಘಾಟಿಯ ನಾಲ್ಕು ಪಟ್ಟು. ಮಳೆ, ಮಂಜು, ಹಳಿಯ ಮೇಲೆ ಅಂಟಿದ ಎಲೆಗಳ ನಡುವೆ ನುಣ್ಣನೆಯ ಉಕ್ಕಿನ ಚಕ್ರ ನುಣ್ಣನೆಯ ಉಕ್ಕಿನ ಹಳಿಯನ್ನು ಹಿಡಿದುಕೊಂಡು ಅಲ್ಲಿ ತುಂಬಿದ ಬಂಡಿಯನ್ನು ಹತ್ತಿಸಲಾರದು. ಹತ್ತಿಸಿದರೂ ಇಳಿಸುವಾಗ ತಡೆಯಲಾರದು. ಹಲ್ಲುಹಳಿಯ ದಾರಿಗಳನ್ನು ಕಟ್ಟಿ ಹೆಸರಾಗಿದ್ದ ಸ್ವಿಟ್ಜರ್ಲೆಂಡಿನ ನಿಕ್ಲಾಸ್ ರಿಗೆನ್‌ಬಾಕ್ 1880ರ ದಶಕದಲ್ಲೇ ಈ ಬೆಟ್ಟಕ್ಕೆ ಯೋಜನೆ ಹಾಕಿದ್ದರು. ಕೊನೆಗೆ ಆಯ್ಕೆಯಾದದ್ದು ಅದೇ ದೇಶದ ರೋಮನ್ ಆಬ್ಟ್ ರೂಪಿಸಿದ ಪದ್ಧತಿ. 1899ರಲ್ಲಿ ರೈಲು ಕೂನೂರು ಮುಟ್ಟಿತು, 1908ರಲ್ಲಿ ಉದಕಮಂಡಲ. 2005ರಲ್ಲಿ ಯುನೆಸ್ಕೊ ಇದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಎಕ್ಸ್ ವರ್ಗದ ಎಂಜಿನ್ನುಗಳು 1910ರ ದಶಕದಿಂದ 1950ರ ದಶಕದವರೆಗೆ ಸ್ವಿಟ್ಜರ್ಲೆಂಡಿನ ವಿಂಟರ್‌ಥೂರ್‌ನ ಕಾರ್ಖಾನೆಯಲ್ಲಿ ತಯಾರಾಗಿ ಹಡಗಿನಲ್ಲಿ ಬಂದವು. ಈ ಶತಮಾನದಲ್ಲಿ ತಿರುಚಿರಾಪಳ್ಳಿಯ ಪೊನ್ಮಲೈ ರೈಲ್ವೆ ಕಾರ್ಯಾಗಾರದವರು ಅದೇ ವಿನ್ಯಾಸದ ಎಂಜಿನ್ನುಗಳನ್ನು ಹೊಸದಾಗಿ ಕಟ್ಟಿದರು. ಉಗಿಯ ಕಾಲ ಮುಗಿದು ದಶಕಗಳಾದ ಮೇಲೆ ನಾಲ್ಕು ಸಿಲಿಂಡರಿನ ಹಲ್ಲುಹಳಿ ಎಂಜಿನ್ನನ್ನು ನಮ್ಮ ದೇಶದ ಕೈಗಳು ಕಟ್ಟಿ ನಿಲ್ಲಿಸಿದವು ಎನ್ನುವುದು ನನಗೆ ಬಹಳ ದೊಡ್ಡ ವಿಷಯ. ಅದಕ್ಕೆ ಸಿಗಬೇಕಾದಷ್ಟು ಹೊಗಳಿಕೆ ಸಿಕ್ಕಿಲ್ಲ ಎಂದೇ ನನ್ನ ಅಭಿಪ್ರಾಯ.

ದಾವಣಗೆರೆಯವರಿಗೆ ಮೀಟರ್ ಗೇಜ್ ಪರಕೀಯವಲ್ಲ. 1990ರ ದಶಕದಲ್ಲಿ ಬ್ರಾಡ್‌ಗೇಜ್ ಆಗುವವರೆಗೆ ಬೆಂಗಳೂರು–ಹುಬ್ಬಳ್ಳಿ ದಾರಿ ಮೀಟರ್ ಗೇಜ್ ಆಗಿತ್ತು. ಚಿಕ್ಕಜಾಜೂರಿನಿಂದ ಚಿತ್ರದುರ್ಗಕ್ಕೆ ಹೋಗುವ ಕವಲೂ ಹಾಗೆಯೇ. ರೈಲ್ವೆಯಲ್ಲಿ ಫಿಟ್ಟರ್ ಆಗಿದ್ದ ನನ್ನ ತಂದೆ ವೈಪಿ, ವೈಜಿ ಉಗಿ ಎಂಜಿನ್ನುಗಳ ಮೈಯನ್ನು ಮುಟ್ಟಿ ಬಲ್ಲವರು. ನೀಲಗಿರಿಯ ಎಂಜಿನ್ ಓಡುವುದೂ ಅದೇ ಒಂದು ಮೀಟರ್ ಅಗಲದ ಹಳಿಯ ಮೇಲೆ. ನಕ್ಷೆ ಹರಡಿದಾಗ ಚೌಕಟ್ಟು, ಆಕ್ಸಲ್ ಬಾಕ್ಸ್, ಸ್ಪ್ರಿಂಗುಗಳನ್ನು ತಂದೆ ಸಲೀಸಾಗಿ ಗುರುತಿಸಿದರು. ಹಲ್ಲುಚಕ್ರದ ಭಾಗಕ್ಕೆ ಬಂದಾಗ ಬೆರಳು ನಿಂತಿತು. "ಇದು ನಮ್ಮ ಕಡೆಯದಲ್ಲ, ಬೆಟ್ಟದ್ದು" ಎಂದರು. ಆಮೇಲೆ ಆ ಭಾಗವನ್ನು ಬಿಟ್ಟು ಬೇರೆ ಯಾವುದನ್ನೂ ಕೇಳಲಿಲ್ಲ.

ಮಾದರಿಯ ಪ್ರಮಾಣ 1:22.5. ಈ ಲೆಕ್ಕದಲ್ಲಿ ಒಂದು ಮೀಟರ್ 44.4 ಮಿಲಿಮೀಟರ್ ಆಗುತ್ತದೆ. ಮಾದರಿ ರೈಲುಗಳಿಗೆ ಜಗತ್ತಿನಾದ್ಯಂತ ಸಿಗುವ 45 ಮಿಲಿಮೀಟರ್ ಹಳಿಗೆ ಇದು ಕೂದಲೆಳೆಯಷ್ಟು ವ್ಯತ್ಯಾಸದಲ್ಲಿ ಕೂರುತ್ತದೆ. ತೂಕದ ಲೆಕ್ಕವೇ ಬೇರೆ. ಉದ್ದ 22.5 ಪಾಲು ಕುಗ್ಗಿದರೆ ತೂಕ ಅದರ ಘನದಷ್ಟು, ಎಂದರೆ ಹನ್ನೊಂದು ಸಾವಿರಕ್ಕೂ ಹೆಚ್ಚು ಪಾಲು ಕುಗ್ಗುತ್ತದೆ. ಸುಮಾರು 50 ಟನ್ನಿನ ಎಂಜಿನ್ ಇಲ್ಲಿ ಸುಮಾರು 4.4 ಕಿಲೋ. ಹಲ್ಲುಹಳಿಯ ಮೇಲೆ ಗಂಟೆಗೆ 13 ಕಿಲೋಮೀಟರ್ ಮೀರದ ಅದರ ವೇಗ ನನ್ನ ಹಲಗೆಯ ಮೇಲೆ ಸೆಕೆಂಡಿಗೆ 16 ಸೆಂಟಿಮೀಟರ್. ಏರು ಮಾತ್ರ ಕುಗ್ಗುವುದಿಲ್ಲ. ಎರಡು ಮೀಟರ್ ಉದ್ದದ ಹಲಗೆಯ ಒಂದು ತುದಿಯನ್ನು 16 ಸೆಂಟಿಮೀಟರ್ ಎತ್ತಿದರೆ ಅದೇ ನೀಲಗಿರಿ.

ಈ ಎಂಜಿನ್ನಿನ ಜೀವ ಅದರ ಉಗಿಯ ದಾರಿಯಲ್ಲಿದೆ. ಬಾಯ್ಲರಿನಿಂದ ಬರುವ ಬಿರುಸಾದ ಉಗಿ ಮೊದಲು ಕೆಳಗಿನ ಸಿಲಿಂಡರುಗಳಿಗೆ ಹೋಗಿ ಚಕ್ರಗಳನ್ನು ತಿರುಗಿಸುತ್ತದೆ. ಸಮತಟ್ಟಿನಲ್ಲಿ ಅಷ್ಟಕ್ಕೇ ಕೆಲಸ ಮುಗಿದು ಚಿಮಣಿಯಿಂದ ಹೊರಗೆ ಹೋಗುತ್ತದೆ. ಏರಿನಲ್ಲಿ ಚಾಲಕ ಕವಾಟ ಬದಲಿಸುತ್ತಾನೆ. ಆಗ ಕೆಳಗೆ ದುಡಿದು ಬಂದ ಉಗಿ, ಒತ್ತಡ ಇಳಿದಿದ್ದರೂ ಇನ್ನೂ ಕಸುವುಳ್ಳದ್ದು, ಮೇಲಿನ ಸಿಲಿಂಡರುಗಳನ್ನು ಹೊಕ್ಕು ಹಲ್ಲುಚಕ್ರಗಳನ್ನು ತಿರುಗಿಸುತ್ತದೆ. ಒತ್ತಡ ಇಳಿದ ಉಗಿಗೆ ಹೆಚ್ಚು ಜಾಗ ಬೇಕು. ಹೀಗೆ ಒಂದೇ ಉಗಿಯನ್ನು ಎರಡು ಸಲ ದುಡಿಸುವ ಸಾಮಾನ್ಯ ಕಾಂಪೌಂಡ್ ಎಂಜಿನ್ನಿನಲ್ಲಿ ಇದಕ್ಕಾಗಿ ಎರಡನೆಯ ಸಿಲಿಂಡರನ್ನು ದೊಡ್ಡದು ಮಾಡುತ್ತಾರೆ. ಮೀಟರ್ ಗೇಜಿನ ಇಕ್ಕಟ್ಟಿನಲ್ಲಿ ಆ ಗಾತ್ರಕ್ಕೆ ಎಡೆಯಿಲ್ಲ. ವಿಂಟರ್‌ಥೂರ್‌ನವರು ಎರಡೂ ಸಿಲಿಂಡರುಗಳನ್ನು ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿಟ್ಟು, ಮೇಲಿನದರ ಮತ್ತು ಹಲ್ಲುಚಕ್ರದ ನಡುವೆ ಗಿಯರ್ ಹಾಕಿ, ಮೇಲಿನದು ಬೇಗ ಬೇಗ ಓಡುವಂತೆ ಮಾಡಿದರು. ಸಿಲಿಂಡರ್ ದೊಡ್ಡದಾಗದಿದ್ದರೂ ಅದು ಹೆಚ್ಚು ಸಲ ತುಂಬಿ ಬರಿದಾಗುವುದರಿಂದ ಉಗಿಗೆ ಬೇಕಾದ ಜಾಗ ಸಿಕ್ಕಿತು. ಮೇಲಿನ ದಂಡಗಳ ಆ ಬಿರುಸಿಗೆ ಕಾರಣ ಇದೇ.

ಇದಕ್ಕಿಂತ ಸೊಗಸಾದದ್ದು ಚಕ್ರ ಜಾರಿದಾಗ ಆಗುವ ಸಂಗತಿ. ಒದ್ದೆ ಹಳಿಯ ಮೇಲೆ ಕೆಳಗಿನ ಚಕ್ರಗಳು ಹಿಡಿತ ತಪ್ಪಿ ಗಿರ್ರನೆ ತಿರುಗಿದವು ಎನ್ನಿ. ಅವುಗಳ ಸಿಲಿಂಡರುಗಳು ಒಮ್ಮೆಗೇ ಬಹಳ ಉಗಿಯನ್ನು ಹೊರತಳ್ಳುತ್ತವೆ. ಆ ಉಗಿ ಮೇಲಿನ ಸಿಲಿಂಡರಿಗೆ ಹೋಗಬೇಕು. ಆದರೆ ಮೇಲಿನದು ಹಲ್ಲಿನ ಮೂಲಕ ಬೆಟ್ಟಕ್ಕೇ ಕಟ್ಟಿಬಿದ್ದಿದೆ, ಬಂಡಿಯ ವೇಗ ಮೀರಿ ಓಡಲಾರದು. ಹೀಗಾಗಿ ನಡುವಿನ ಕೊಳವೆಯಲ್ಲಿ ಒತ್ತಡ ಏರುತ್ತದೆ. ಏರಿದ ಒತ್ತಡ ಕೆಳಗಿನ ಪಿಸ್ಟನ್ನುಗಳನ್ನು ಹಿಂದಿನಿಂದ ತಡೆದು ಜಾರುವಿಕೆಯನ್ನು ಅಡಗಿಸುತ್ತದೆ, ಅದೇ ಹೊತ್ತಿಗೆ ಮೇಲಿನ ಪಿಸ್ಟನ್ನುಗಳನ್ನು ಜೋರಾಗಿ ತಳ್ಳುತ್ತದೆ. ಚಾಲಕ ಕೈ ಎತ್ತುವ ಮೊದಲೇ ಹೊರೆ ಜಾರುವ ಚಕ್ರದಿಂದ ಜಾರದ ಚಕ್ರಕ್ಕೆ ವರ್ಗವಾಗಿರುತ್ತದೆ. ಇದನ್ನು ಮಾಡಲು ಪ್ರತ್ಯೇಕ ಸಾಧನವಿಲ್ಲ. ಕೊಳವೆಗಳನ್ನು ಜೋಡಿಸಿದ ಕ್ರಮದಲ್ಲಿಯೇ ಆ ಜಾಣ್ಮೆ ಇದೆ. ಇದು ಅರ್ಥವಾದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಅಳತೆಯಲ್ಲಿ ನಿಜವಾದ ಉಗಿಯಿಂದ ನಾಲ್ಕು ಸಿಲಿಂಡರ್ ಓಡಿಸುವುದು ನನ್ನ ಕೈಮೀರಿದ ಕೆಲಸ. ವಿದ್ಯುತ್ ಮೋಟಾರೇ ಗತಿ. ಮಾದರಿ ಕಟ್ಟುವ ಗೆಳೆಯರು ಕೊಡುವ ಸಲಹೆ ಸರಳವಾದದ್ದು: ಒಂದು ಮೋಟಾರಿನಿಂದ ಚಕ್ರ ತಿರುಗಿಸಿ, ಮೇಲಿನ ದಂಡಗಳನ್ನು ಅದಕ್ಕೇ ಕೊಂಡಿ ಹಾಕಿ ಆಡಿಸಿ, ಹಲ್ಲುಚಕ್ರವನ್ನು ಬಿಟ್ಟುಬಿಡಿ. 4.4 ಕಿಲೋ ಎಂಜಿನ್ ಒಣ ಹಳಿಯ ಮೇಲೆ ಆ ಏರನ್ನು ಹಲ್ಲಿಲ್ಲದೆಯೇ ಹತ್ತುತ್ತದೆ, ಲೆಕ್ಕ ಹಾಕಿ ನೋಡಿದ್ದೇನೆ. ನೋಡುವವರಿಗೆ ಏನೂ ಕಡಿಮೆಯೆನಿಸುವುದಿಲ್ಲ. ಆದರೂ ನಾನು ಒಪ್ಪಲಿಲ್ಲ. ಮೂಲದ ಆಕಾರವನ್ನು ಮಾತ್ರ ತಂದು ಅದರ ಕಷ್ಟವನ್ನು ಹಿಂದೆ ಬಿಟ್ಟರೆ, ಆ ಆಕಾರ ಯಾಕೆ ಹಾಗಿದೆ ಎಂಬುದೇ ಮಾದರಿಯಿಂದ ಹೋಗಿಬಿಡುತ್ತದೆ. ಮೇಲಿನ ಸಿಲಿಂಡರ್ ಅಲ್ಲಿರುವುದು ಬೆಟ್ಟ ಹತ್ತಿಸುವುದಕ್ಕೆ. ಅದು ಬೆಟ್ಟ ಹತ್ತಿಸಲೇಬೇಕು. ಡಬ್ಬಿಗಳನ್ನು ಕಟ್ಟಿ ಅವುಗಳಲ್ಲಿ ಸೀಸದ ತೂಕ ಇಟ್ಟು, ನುಣ್ಣನೆಯ ಚಕ್ರ ಸೋಲುವಷ್ಟು ಹೊರೆ ಕೊಟ್ಟು, ಆಗ ಹಲ್ಲು ಗೆಲ್ಲುವುದನ್ನು ನೋಡಬೇಕು. ಈ ತೀರ್ಮಾನದಿಂದ ಕೆಲಸ ಎಷ್ಟೋ ಪಟ್ಟು ಬೆಳೆಯಿತು, ಅದಕ್ಕಾಗಿ ಒಂದು ದಿನವೂ ಬೇಸರವಾಗಿಲ್ಲ.

ಹಲ್ಲುಹಳಿಯಿಂದಲೇ ಶುರು ಮಾಡಿದೆ. ರಿಗೆನ್‌ಬಾಕ್ ಅವರದು ಏಣಿಯಂಥ ಹಳಿ. ಅದರಲ್ಲಿ ಒಂದು ಮೆಟ್ಟಿಲು ಬಿಟ್ಟು ಇನ್ನೊಂದಕ್ಕೆ ಹೋಗುವಾಗ ಭಾರ ಒಮ್ಮೆಲೇ ವರ್ಗವಾಗುತ್ತದೆ. ಆಬ್ಟ್ ಪದ್ಧತಿಯಲ್ಲಿ ಅಕ್ಕಪಕ್ಕ ಎರಡು ಹಲ್ಲುಪಟ್ಟಿಗಳಿವೆ, ನಡುವಿನ ಅಂತರ 44 ಮಿಲಿಮೀಟರ್. ಒಂದರ ಹಲ್ಲು ಇನ್ನೊಂದರ ಸಂದಿಯ ಎದುರಿಗೆ ಬರುವಂತೆ ಅವುಗಳನ್ನು ಅರ್ಧ ಹಲ್ಲಿನಷ್ಟು ಸರಿಸಿ ಹಾಸಿದ್ದಾರೆ. ಹಲ್ಲುಚಕ್ರದ ಎರಡು ಬಿಲ್ಲೆಗಳೂ ಹಾಗೆಯೇ ಅರ್ಧ ಹಲ್ಲು ಸರಿದಿವೆ. ಒಂದು ಹಲ್ಲು ಹಿಡಿತ ಬಿಡುವಾಗ ಪಕ್ಕದ್ದು ಪೂರಾ ಹಿಡಿದಿರುತ್ತದೆ. ಬಂಡಿಗೆ ಅಲುಗಾಟ ಕಡಿಮೆ, ಒಂದು ಪಟ್ಟಿ ಸವೆದರೂ ಇನ್ನೊಂದರ ಆಸರೆ ಇದೆ.

ಹಲ್ಲಿನಿಂದ ಹಲ್ಲಿಗೆ ಮೂಲದಲ್ಲಿ 120 ಮಿಲಿಮೀಟರ್. ಇದನ್ನು 22.5ರಿಂದ ಭಾಗಿಸಿದರೆ 5.333 ಎಂದು ಮುಗಿಯದ ಸಂಖ್ಯೆ. ಗಿಯರ್ ಕತ್ತರಿಸುವ ಕಟ್ಟರುಗಳು ಸಿಗುವ ಅಳತೆಗಳಿಗೆ ಇದು ಹೊಂದುವುದಿಲ್ಲ. ಈ ಸಮಸ್ಯೆಯನ್ನು ಹೊತ್ತು ನಾನು ಹೋದದ್ದು ನಮ್ಮೂರಿನ ಒಂದು ಲೇತ್ ಅಂಗಡಿಗೆ. ಬಟ್ಟೆ ಗಿರಣಿಗಳು ನಡೆಯುತ್ತಿದ್ದ ಕಾಲದಲ್ಲಿ ದಾವಣಗೆರೆಯ ಲೇತ್ ಅಂಗಡಿಗಳಿಗೆ ಬಿಡುವೇ ಇರಲಿಲ್ಲ ಎಂದು ಹಿರಿಯರು ಹೇಳುತ್ತಾರೆ. ಈಗ ಅವು ಟ್ರ್ಯಾಕ್ಟರ್, ಕೊಳವೆಬಾವಿ ಮೋಟಾರು, ಮಂಡಕ್ಕಿ ಭಟ್ಟಿಯ ಯಂತ್ರಗಳ ರಿಪೇರಿಯಲ್ಲಿ ನಡೆಯುತ್ತಿವೆ. ಆ ಅಂಗಡಿಯಲ್ಲಿರುವ ಲೇತ್ ಹರಿಹರದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯದು. ಹದಿನೈದು ಕಿಲೋಮೀಟರ್ ಒಳಗೆ ಹುಟ್ಟಿ ದೇಶದ ಮೂಲೆಮೂಲೆಗೆ ಹೋದ ಲೇತುಗಳು ಅವು. ಕಾರ್ಖಾನೆ ಮುಚ್ಚಿಹೋದರೂ ಈ ಯಂತ್ರದ ಹಾಸು ಇನ್ನೂ ನೆಟ್ಟಗಿದೆ.

ಅಂಗಡಿಯ ಹಿರಿಯ ಟರ್ನರ್ ನನ್ನ ಚೀಟಿಯನ್ನು ಬೆಳಕಿಗೆ ಹಿಡಿದು ಓದಿದರು. "ಮೇಡಂ, ಇದನ್ನು ಒಂದೊಂದೇ ಹಲ್ಲಾಗಿ ಕೂಡಿಸುತ್ತಾ ಹೋಗಬೇಡಿ. ತಪ್ಪು ಬೆಳೆಯುತ್ತದೆ. ಮೂರು ಹಲ್ಲಿಗೆ ಎಷ್ಟಾಯಿತು?"

"ಹದಿನಾರು ಮಿಲಿಮೀಟರ್, ಅಜ್ಜ."

"ಸರಿಯಾಗಿ ಹದಿನಾರು. ಹಾಗಿದ್ದರೆ ಮೂರನೆಯ ಹಲ್ಲಿಗೊಮ್ಮೆ ಪೂರ್ಣ ಅಂಕಿಗೆ ಬಂದು ನಿಲ್ಲುತ್ತೀರಿ. ನಡುವಿನ ಎರಡನ್ನು ಅಲ್ಲಿಂದ ಅಳೆಯಿರಿ."

ಗಣಿತ ಓದಿಕೊಂಡವರಿಗೆ ಇದು ಸಣ್ಣ ವಿಷಯ ಎನಿಸಬಹುದು. ಹಿಡಿ ತಿರುಗಿಸುತ್ತಾ ನೂರಾರು ಹಲ್ಲು ಕತ್ತರಿಸಬೇಕಾದ ಮನುಷ್ಯನಿಗೆ ಇದೇ ಇಡೀ ಕೆಲಸದ ಕೀಲಿ. ಪ್ರತಿ ಹಲ್ಲಿಗೂ 5.33 ಎಂದು ಕೂಡಿಸುತ್ತಾ ಹೋದರೆ ಐವತ್ತು ಹಲ್ಲು ಮುಗಿಯುವ ಹೊತ್ತಿಗೆ ಮಿಲಿಮೀಟರಿನ ಆರನೇ ಒಂದು ಪಾಲು ತಪ್ಪಿರುತ್ತದೆ, ಹಲ್ಲುಚಕ್ರ ಎಡವುತ್ತದೆ. ಅವರು ತೋರಿಸಿದ ದಾರಿಯಲ್ಲಿ ತಪ್ಪು ಬೆಳೆಯಲು ಅವಕಾಶವೇ ಇಲ್ಲ. ಕಟ್ಟರನ್ನೂ ಅವರೇ ಟೂಲ್ ಬಿಟ್ ಒಂದನ್ನು ಸಾಣೆ ಹಿಡಿದು ಮಾಡಿಕೊಟ್ಟರು. ಹಲ್ಲುಪಟ್ಟಿಯ ಹಲ್ಲಿಗೆ ನೇರ ಇಳಿಜಾರಿನ ಮಗ್ಗುಲುಗಳಿರುವುದರಿಂದ ಅದು ಸಾಧ್ಯವಾಯಿತು. ಹಿತ್ತಾಳೆ ಪಟ್ಟಿಗಳನ್ನು ಒಟ್ಟಿಗೆ ಬಿಗಿದು ಮಿಲ್ಲಿಂಗ್ ಯಂತ್ರದಲ್ಲಿ ಒಂದೇ ಏಟಿಗೆ ಎಲ್ಲದರಲ್ಲೂ ಹಲ್ಲು ತೆಗೆದೆವು. ಹಾಸುವಾಗ ಒಂದನ್ನು 2.67 ಮಿಲಿಮೀಟರ್ ಮುಂದಕ್ಕೆ ಸರಿಸಿದರೆ ಆಬ್ಟ್ ಹಳಿ ಸಿದ್ಧ. ಹಲ್ಲುಚಕ್ರದ್ದು ಬೇರೆ ಪರಿಶ್ರಮ. ಅದರ ಹಲ್ಲಿಗೆ ಬಾಗಿದ ಮಗ್ಗುಲು ಬೇಕು, ಸುತ್ತಳತೆಯನ್ನು ಸಮಪಾಲು ಮಾಡಲು ಡಿವೈಡಿಂಗ್ ಹೆಡ್ ಬೇಕು. ಎರಡು ಬಿಲ್ಲೆಗಳನ್ನು ಅರ್ಧ ಹಲ್ಲು ತಿರುಗಿಸಿ ಬೆಸುಗೆ ಹಾಕುವಾಗ ಅಜ್ಜ ಉಸಿರು ಬಿಗಿಹಿಡಿದಿದ್ದರು, ನಾನೂ.

ಈಗ ಮೋಟಾರುಗಳು. ಎರಡು ಎಂಜಿನ್ ಎಂದ ಮೇಲೆ ಎರಡು ಮೋಟಾರ್. ಚಕ್ರಕ್ಕೊಂದು, ಹಲ್ಲುಚಕ್ರಕ್ಕೊಂದು. ಇವುಗಳನ್ನು ಹೇಗೆ ಜೋಡಿಸುವುದು? ಉಗಿ ಒಂದರಿಂದ ಇನ್ನೊಂದಕ್ಕೆ ಹೋಗುವುದರಿಂದ ಸರಣಿ ಜೋಡಣೆಯೇ ಸರಿ ಎಂದು ಯಾರಿಗಾದರೂ ತೋಚುತ್ತದೆ. ಆದರೆ ಸರಣಿಯಲ್ಲಿ ಚಕ್ರ ಜಾರಿದರೆ ಅದರ ಮೋಟಾರು ವೇಗ ಹೆಚ್ಚಿಸಿಕೊಂಡು ವೋಲ್ಟೇಜಿನ ದೊಡ್ಡ ಪಾಲನ್ನು ತಾನೇ ನುಂಗುತ್ತದೆ. ಎರಡರಲ್ಲೂ ಪ್ರವಾಹ ಇಳಿಯುತ್ತದೆ. ಹಲ್ಲುಚಕ್ರಕ್ಕೆ ಬಲ ಬೇಕಾದ ಗಳಿಗೆಯಲ್ಲೇ ಅದರ ಬಲ ಕುಂದುತ್ತದೆ. ಉಗಿ ಮಾಡುವುದಕ್ಕೆ ಇದು ನೇರ ವಿರುದ್ಧ. ಸಮಾಂತರ ಜೋಡಣೆಯಲ್ಲಿ ಚಕ್ರ ಜಾರಿದರೂ ಹಲ್ಲಿನ ಮೋಟಾರಿಗೆ ಸಿಗುವ ವೋಲ್ಟೇಜ್ ಕದಲುವುದಿಲ್ಲ. ಹೊರೆ ಬಿದ್ದಷ್ಟೂ ಅದು ಹೆಚ್ಚು ಪ್ರವಾಹ ಎಳೆದುಕೊಂಡು ದುಡಿಯುತ್ತದೆ. ಹಾಗಾಗಿ ಸಮಾಂತರವನ್ನೇ ಆರಿಸಿದೆ. ಜಾರುವ ಚಕ್ರವನ್ನು ತಾನಾಗಿ ತಡೆಯುವ ಉಗಿಯ ಗುಣ ಇದರಲ್ಲಿ ಬರಲಿಲ್ಲ ಎಂಬುದು ನಿಜ. ಹತ್ತನೇ ತರಗತಿಯ ಮಕ್ಕಳಿಗೆ ಸರಣಿ, ಸಮಾಂತರ ಪಾಠ ಮಾಡುವಾಗ ಈಗ ಬಲ್ಬುಗಳ ಜೊತೆಗೆ ಈ ಎರಡು ಮೋಟಾರುಗಳನ್ನೂ ಮೇಜಿನ ಮೇಲಿಡುತ್ತೇನೆ. ಬೆರಳಿನಿಂದ ಒಂದರ ಅಚ್ಚನ್ನು ಹಿಡಿದು ಇನ್ನೊಂದು ಏನು ಮಾಡುತ್ತದೆ ಎಂದು ನೋಡುವುದಕ್ಕೆ ಮಕ್ಕಳು ಸಾಲು ನಿಲ್ಲುತ್ತಾರೆ.

ಬೆಟ್ಟದ ರೈಲಿನ ಅರ್ಧ ಕಥೆ ಮಾತ್ರ ಏರುವುದು. ಇಳಿಯುವುದು ಅದಕ್ಕಿಂತ ಗಂಭೀರ. ನೀಲಗಿರಿಯಲ್ಲಿ ಎಂಜಿನ್ ಸದಾ ಡಬ್ಬಿಗಳ ಕೆಳಬದಿಯಲ್ಲಿರುತ್ತದೆ. ಹತ್ತುವಾಗ ಹಿಂದಿನಿಂದ ತಳ್ಳುತ್ತದೆ, ಇಳಿಯುವಾಗ ಮುಂದೆ ನಿಂತು ತಡೆಯುತ್ತದೆ, ಕೊಂಡಿ ಕಳಚಿದರೂ ಡಬ್ಬಿ ಓಡಿಹೋಗದಂತೆ. ಡಬ್ಬಿಗಳ ತುದಿಯ ಮೆಟ್ಟಿಲುಗಟ್ಟೆಯ ಮೇಲೆ ಬ್ರೇಕ್ ಹಿಡಿಯುವ ಸಿಬ್ಬಂದಿ ನಿಂತಿರುತ್ತಾರೆ. ಎಂಜಿನ್ನಿಗೆ ಕೈಬ್ರೇಕೂ ಇದೆ, ನಿರ್ವಾತ ಬ್ರೇಕೂ ಇದೆ. ಆದರೆ ಮೈಲಿಗಟ್ಟಲೆ ಇಳಿಜಾರಿನಲ್ಲಿ ಬ್ರೇಕ್ ಕಟ್ಟೆಗಳನ್ನೇ ಒತ್ತಿ ಹಿಡಿದರೆ ಅವು ಕಾದು ಸವೆದುಹೋಗುತ್ತವೆ. ಅದಕ್ಕೆ ರಿಗೆನ್‌ಬಾಕ್ ಕಂಡುಕೊಂಡಿದ್ದ ಉಪಾಯವನ್ನು ಇಲ್ಲಿಯೂ ಬಳಸುತ್ತಾರೆ. ಇಳಿಯುವಾಗ ಸಿಲಿಂಡರಿಗೆ ಉಗಿ ಬಿಡುವುದಿಲ್ಲ. ಹೊರಗಿನ ಗಾಳಿಯನ್ನು ಎಳೆದುಕೊಂಡು ಒತ್ತುವಂತೆ ಮಾಡುತ್ತಾರೆ. ಬಂಡಿಯ ಭಾರವೇ ಪಿಸ್ಟನ್ನುಗಳನ್ನು ದೂಡಿ ಗಾಳಿಯನ್ನು ಅಮುಕಬೇಕು, ಆ ದುಡಿಮೆಯಲ್ಲಿ ಭಾರದ ಆವೇಗ ಕರಗುತ್ತದೆ. ಅಮುಕಿದ ಗಾಳಿ ಬಿಸಿಯೇರುವುದರಿಂದ ಸಿಲಿಂಡರುಗಳಿಗೆ ನೀರು ಹಾಯಿಸಿ ತಂಪಾಗಿಡುತ್ತಾರೆ. ಇಳಿಯುವ ಎಂಜಿನ್ನಿನಿಂದ ಆಗಾಗ ಆವಿ ಹಾರುವುದು ಈ ನೀರಿನದು.

ಇಲ್ಲಿ ವಿದ್ಯುತ್ತು ಮೂಲಕ್ಕೆ ಹತ್ತಿರ ಬರುತ್ತದೆ. ಮೋಟಾರಿಗೆ ಬ್ಯಾಟರಿ ತಪ್ಪಿಸಿ ಅದರ ಎರಡು ತುದಿಗಳ ನಡುವೆ ರೆಸಿಸ್ಟರ್ ಒಂದನ್ನು ಸೇರಿಸಿದರೆ ಅದೇ ಮೋಟಾರು ಜನರೇಟರ್ ಆಗುತ್ತದೆ. ಇಳಿಯುವ ಭಾರ ಅದನ್ನು ತಿರುಗಿಸಬೇಕು, ಆ ಶ್ರಮವೆಲ್ಲ ರೆಸಿಸ್ಟರಿನಲ್ಲಿ ಶಾಖವಾಗಿ ಹೋಗುತ್ತದೆ. ಸಿಲಿಂಡರ್ ಗಾಳಿ ಅಮುಕುವುದಕ್ಕೂ ಇದಕ್ಕೂ ತತ್ತ್ವದಲ್ಲಿ ಭೇದವಿಲ್ಲ. ಆದರೆ ಇದಕ್ಕೊಂದು ಷರತ್ತಿದೆ. ಮಾದರಿ ಎಂಜಿನ್ನುಗಳಲ್ಲಿ ಎಲ್ಲರೂ ಹಾಕುವ ವರ್ಮ್ ಗಿಯರ್ ಇರಕೂಡದು. ವರ್ಮ್ ಗಿಯರಿನಲ್ಲಿ ಮೋಟಾರು ಚಕ್ರವನ್ನು ತಿರುಗಿಸಬಹುದು, ಚಕ್ರ ಮೋಟಾರನ್ನು ತಿರುಗಿಸಲಾರದು. ಎಂಜಿನ್ ಇಳಿಜಾರಿನಲ್ಲಿ ನಿಲ್ಲಿಸಿದಲ್ಲೇ ನಿಲ್ಲುತ್ತದೆ. ಸುರಕ್ಷಿತವೇ, ಆದರೆ ಬೆಟ್ಟಕ್ಕೆ ಅಂಜದ ಎಂಜಿನ್ ಅದು. ನಾನು ಸಾದಾ ಹಲ್ಲಿನ ಗಿಯರುಗಳ ಸಾಲನ್ನೇ ಹಾಕಿದೆ. ನನ್ನ ಎಂಜಿನ್ ಇಳಿಜಾರಿನಲ್ಲಿ ಕೈಬಿಟ್ಟರೆ ಓಡುತ್ತದೆ. ಸ್ವಿಚ್ ಒತ್ತಿ ರೆಸಿಸ್ಟರ್ ಸೇರಿಸಿದರೆ ಓಟ ತಗ್ಗಿ ನಡಿಗೆಯಾಗುತ್ತದೆ. ಪೂರ್ತಿ ನಿಲ್ಲುವುದಿಲ್ಲ. ತಿರುಗದ ಜನರೇಟರಿಗೆ ತಡೆಯುವ ಶಕ್ತಿಯಿಲ್ಲ. ನಿಲ್ಲಿಸುವುದಕ್ಕೆ ಬೇರೆ ಬ್ರೇಕ್ ಬೇಕೇ ಬೇಕು, ಮೂಲದಲ್ಲಿ ಇರುವ ಹಾಗೆಯೇ. ತಂದೆಗೆ ಇದನ್ನು ತೋರಿಸಿದಾಗ ಅವರು ಎಂಜಿನ್ನನ್ನು ತಾವೇ ಮೇಲಕ್ಕಿಟ್ಟು, ಬಿಟ್ಟು, ಮತ್ತೆ ಇಟ್ಟು, ಮತ್ತೆ ಬಿಟ್ಟು ನೋಡಿದರು. ಬೆಟ್ಟದ ಭಾಗದ ಬಗ್ಗೆ ಅವರಿಗಿದ್ದ ಪ್ರಶ್ನೆಗಳಿಗೆ ಅದೇ ಉತ್ತರ ಕೊಟ್ಟಿತು ಎಂದು ತೋರುತ್ತದೆ.

ಮೇಲ್ಮೈಯ ಕೆಲಸದ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಬಾಯ್ಲರಿನ ಹೊದಿಕೆ, ಪಕ್ಕದ ನೀರಿನ ತೊಟ್ಟಿಗಳು, ಚಾಲಕನ ಗೂಡು ಎಲ್ಲ ಹಿತ್ತಾಳೆ ತಗಡಿನವು. ತೊಟ್ಟಿಯ ರಿವೆಟುಗಳನ್ನು ತಗಡಿನ ಒಳಮೈಯಿಂದ ಸೂಜಿಮೊನೆಯ ಪಂಚ್‌ನಿಂದ ಒತ್ತಿ ಎಬ್ಬಿಸಿದ್ದೇನೆ. ಈ ಎಂಜಿನ್ನುಗಳನ್ನು ಈ ಶತಮಾನದ ಆರಂಭದಿಂದ ಒಂದೊಂದಾಗಿ ಎಣ್ಣೆ ಉರಿಸುವಂತೆ ಬದಲಿಸಿದರು. ನನ್ನದು ಅದಕ್ಕೂ ಹಿಂದಿನ ಕಲ್ಲಿದ್ದಲ ಕಾಲದ ರೂಪ. ಪುಡಿಮಾಡಿದ ನಿಜವಾದ ಕಲ್ಲಿದ್ದಲನ್ನೇ ಹಿಂದಿನ ಗೂಡಿನಲ್ಲಿ ತುಂಬುತ್ತೇನೆ.

ಉಳಿದಿರುವ ಕಠಿಣ ಕೆಲಸ ಒಂದೇ: ಹಲ್ಲುಹಳಿ ಶುರುವಾಗುವ ಜಾಗ. ಬರುವ ಚಕ್ರದ ಹಲ್ಲು ನೇರವಾಗಿ ಸಂದಿಗೇ ಬೀಳುತ್ತದೆ ಎನ್ನುವ ಖಾತರಿ ಇಲ್ಲ. ಹಲ್ಲಿನ ಮೇಲೆ ಹಲ್ಲು ಕೂತರೆ ಎಂಜಿನ್ ಎತ್ತಿಹೋಗುತ್ತದೆ. ಆಬ್ಟ್ ಪದ್ಧತಿಯಲ್ಲಿ ಮೊದಲ ತುಂಡನ್ನು ಸ್ಪ್ರಿಂಗ್ ಮೇಲೆ, ಒಂದು ತುದಿಗೆ ಕೀಲು ಹಾಕಿ ಇಟ್ಟಿರುತ್ತಾರೆ. ತಪ್ಪು ಹಲ್ಲು ಬಿದ್ದರೆ ಅದು ತಗ್ಗಿ, ಚಕ್ರ ಹೊಂದಿಕೊಂಡ ಮೇಲೆ ಮತ್ತೆ ಏಳುತ್ತದೆ. ಕಲ್ಲಾರ್‌ನಲ್ಲಿ ಎಂಜಿನ್ ಈ ತುಂಡಿನ ಮೇಲೆ ಮೆಲ್ಲಗೆ ಬರುವಾಗ ಚಾಲಕನ ಗಮನವೆಲ್ಲ ಕಾಲಡಿಯ ಸದ್ದಿನ ಮೇಲಿರುತ್ತದೆ. ನನ್ನ ಅಳತೆಯಲ್ಲಿ ಆ ಸ್ಪ್ರಿಂಗ್ ಎಷ್ಟು ಗಡಸಾಗಿರಬೇಕು ಎಂಬುದನ್ನು ತೂಕದಂತೆ ಘನದ ಲೆಕ್ಕದಲ್ಲಿ ಕುಗ್ಗಿಸಿದರೆ ಆಗುವುದಿಲ್ಲ. ಅದು ಒಪ್ಪಿಕೊಳ್ಳುವ ಭಾರವನ್ನೂ ತಗ್ಗಬೇಕಾದ ದೂರವನ್ನೂ ಒಟ್ಟಿಗೆ ನೋಡಬೇಕು. ಭಾರ ಘನದಷ್ಟು ಇಳಿದರೆ ದೂರ 22.5 ಪಾಲು ಮಾತ್ರ ಇಳಿಯುವುದರಿಂದ ಗಡಸುತನ ವರ್ಗದಷ್ಟು, ಸುಮಾರು 506 ಪಾಲು ಇಳಿಯಬೇಕು. ಗಡಿಯಾರ ರಿಪೇರಿಯವರಲ್ಲಿ ಸಿಗುವ ತೆಳು ಸ್ಪ್ರಿಂಗ್ ಪಟ್ಟಿಗಳಿಂದ ಇದು ಸಾಧ್ಯ ಎಂದು ಅಜ್ಜ ಹೇಳುತ್ತಾರೆ. ಗಿಟಾರಿನ ಉಕ್ಕಿನ ತಂತಿಯೇ ಮೇಲು ಎಂದು ನನ್ನ ವಾದ. ದಸರಾ ರಜೆಯಲ್ಲಿ ಎರಡನ್ನೂ ಅಕ್ಕಪಕ್ಕದ ಎರಡು ತುಂಡು ಹಳಿಗಳಿಗೆ ಹಾಕಿ, ಪೂರ್ತಿ ತೂಕದ ಎಂಜಿನ್ನನ್ನು ಹಾಯಿಸಿ ನೋಡುತ್ತೇವೆ.